ಆಚೇ ದಡದವರಿಗಾಗಿ ಇಟ್ಟ ದೀಪ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 23:15, 16, ಮತ್ತಾಯ 5:14–16, ಫಿಲೆಮೋನನಿಗೆ ಬರೆದ ಪತ್ರಿಕೆ.



ಗುಡ್ಡದ ಮೇಲೆ ಕಟ್ಟಿದ ಊರು ಮರೆಯಾಗಿ ಇರಲಾರದೆಂದೂ, ದೀಪ ಹಚ್ಚಿದವನು ಅದರ ಮೇಲೆ ಕೊಳಗವನ್ನು ಕವುಚಿ ಇಡುವದಿಲ್ಲವೆಂದೂ ನಮ್ಮ ರಕ್ಷಕನು ಬೋಧಿಸಿದ್ದನ್ನು ನಾವೆಲ್ಲರೂ ಭಾನುವಾರದ ಪಾಠಶಾಲೆಯಲ್ಲಿಯೇ ಕಲಿತಿದ್ದೇವೆ. ಬಾಯಿಪಾಠ ಒಪ್ಪಿಸಿ ಚಿತ್ರದ ಚೀಟಿಯನ್ನು ಬಹುಮಾನವಾಗಿ ಪಡೆದವರೂ ನಮ್ಮಲ್ಲಿ ಉಂಟು. ಆದರೆ ಆ ದೀಪವು ಯಾರಿಗೋಸ್ಕರ ಎಂದು ಕೇಳಿಕೊಂಡವರು ಕಡಿಮೆ. ಮನೆಯೊಳಗೆ ಕೂತವನಿಗೆ ಒಲೆಯ ಬೆಳಕೇ ಸಾಕಾಗುತ್ತದೆ. ಗುಡ್ಡದ ಮೇಲೆ ಎತ್ತರದಲ್ಲಿ ಇಟ್ಟ ದೀಪದ ಉಪಯೋಗವು ದೂರದಲ್ಲಿ, ಕತ್ತಲೆಯಲ್ಲಿ, ದಾರಿ ತಪ್ಪಿದವನಿಗೆ. ಅವನು ಯಾರೆಂದು ಮನೆಯವರಿಗೆ ಗೊತ್ತಿರುವದಿಲ್ಲ. ಎಣ್ಣೆಯ ವೆಚ್ಚ ಮಾತ್ರ ಮನೆಯವರದು. ಈ ಮಾತನ್ನು ಅಕ್ಷರಾರ್ಥವಾಗಿಯೇ ನಡೆಸಿದ ಒಂದು ಮನೆಯ ಸಂಗತಿಯನ್ನು, ಆ ಮನೆಯಿದ್ದ ಹಳ್ಳಿಗಾಡಿನ ಸೀಮೆಯ ಸಂಗತಿಯನ್ನೂ ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಅಮೇರಿಕ ದೇಶದ ಮಧ್ಯಪಶ್ಚಿಮ ಭಾಗದಲ್ಲಿ ಓಹಾಯೊ ಎಂಬ ಸಂಸ್ಥಾನವಿದೆ. ಅದೇ ಹೆಸರಿನ ದೊಡ್ಡ ಹೊಳೆಯು ಅದರ ತೆಂಕಣ ಎಲ್ಲೆಯಾಗಿ ಹರಿಯುತ್ತದೆ. ಆ ಹೊಳೆಯ ದಂಡೆಗೆ ತಾಗಿ 1818ರಲ್ಲಿ ಬ್ರೌನ್ ಕೌಂಟಿ ಏರ್ಪಟ್ಟಿತು. ಕೌಂಟಿ ಎಂದರೆ ನಮ್ಮ ತಾಲ್ಲೂಕು ಜಿಲ್ಲೆಗಳ ಹಾಗೆ ತನ್ನದೇ ಕಚೇರಿ ನ್ಯಾಯಸ್ಥಾನಗಳುಳ್ಳ ಒಂದು ಸೀಮೆ. ಇದರ ಕಚೇರಿಯು ಜಾರ್ಜ್‌ಟೌನ್ ಎಂಬ ಊರಿನಲ್ಲಿದೆ. ಮುಸುಕಿನ ಜೋಳ, ಹಂದಿ, ಹೊಗೆಸೊಪ್ಪು, ಇವೇ ಅಲ್ಲಿಯ ಒಕ್ಕಲಿಗರ ಜೀವನವಾಗಿದ್ದವು. 1864ರಲ್ಲಿ ಅಲ್ಲಿಯ ಒಂದು ಹೊಲದಲ್ಲಿ ತಿಳಿಬಣ್ಣದ ಹೊಸ ತರದ ಹೊಗೆಸೊಪ್ಪು ಕಾಣಿಸಿಕೊಂಡು, ವೈಟ್ ಬರ್ಲಿ ಎಂಬ ಹೆಸರಿನಿಂದ ದೂರದೂರಕ್ಕೆ ಹಬ್ಬಿತು. ಆ ಸೀಮೆಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವದುಂಟು. ಹೊಗೆಸೊಪ್ಪಿನ ಮಹಿಮೆಯನ್ನು ಸಾರುವದು ಈ ಪತ್ರಿಕೆಯ ಕೆಲಸವಲ್ಲವಾದದರಿಂದ ಮುಂದೆ ಹೋಗೋಣ.

ಆ ಹೊಳೆಯ ಈಚೇ ದಡ ಓಹಾಯೊ, ಆಚೇ ದಡ ಕೆಂಟಕಿ ಸಂಸ್ಥಾನ. ಕೆಂಟಕಿಯಲ್ಲಿ ಕರಿಯ ಜನರನ್ನು ದನಗಳಂತೆ ಕೊಳ್ಳುವದೂ ಮಾರುವದೂ ಕಾಯಿದೆಗೆ ಒಪ್ಪಿದ ವ್ಯವಹಾರವಾಗಿತ್ತು. ಓಹಾಯೊದಲ್ಲಿ ಗುಲಾಮತನಕ್ಕೆ ಎಡೆಯಿರಲಿಲ್ಲ. ಹೀಗಿರಲಾಗಿ ಆಚೇ ದಡದಲ್ಲಿ ನಿಂತ ದಾಸನಿಗೆ ಈ ಹೊಳೆಯು ಯೊರ್ದನ್ ಹೊಳೆಯಂತೆ ಕಂಡಿದ್ದರೆ ಆಶ್ಚರ್ಯವೇನು? ಆದರೂ ದಾಟಿದ ಮಾತ್ರಕ್ಕೆ ಬಿಡುಗಡೆಯಾಯಿತೆಂದು ಎಣಿಸಬೇಡಿರಿ. ಓಡಿಹೋದ ಗುಲಾಮನನ್ನು ಯಜಮಾನನು ಯಾವ ಸಂಸ್ಥಾನದಲ್ಲಿಯಾದರೂ ಹಿಡಿದುಕೊಂಡು ಹೋಗಬಹುದೆಂದು 1793ರಲ್ಲಿಯೇ ದೇಶದ ಕಾಯಿದೆ ಆಗಿತ್ತು. ಓಹಾಯೊದವರು ಸಹ ಕರಿಯರನ್ನು ಪ್ರೀತಿಯಿಂದ ಬರಮಾಡಿಕೊಂಡವರಲ್ಲ. ಅಲ್ಲಿ ನೆಲೆಸಬೇಕೆನ್ನುವ ಕರಿಯನು 500 ಡಾಲರಿನ ಜಾಮೀನು ಕೊಡಬೇಕೆಂದು 1807ರಲ್ಲಿ ವಿಧಿಸಿದ್ದರು. ಆದದರಿಂದ ಓಡಿಬಂದವರು ಇನ್ನೂ ಬಡಗಲಿಗೆ, ಈರಿ ಎಂಬ ದೊಡ್ಡ ಸರೋವರವನ್ನು ದಾಟಿ, ಕೆನಡ ದೇಶವನ್ನು ಮುಟ್ಟುವ ತನಕ ರಾತ್ರಿ ನಡೆದು ಹಗಲು ಅಡಗಿಕೊಳ್ಳಬೇಕಾಗಿತ್ತು.

ಈ ಸೀಮೆಯ ರಿಪ್ಲಿ ಎಂಬ ಹೊಳೆಯ ದಂಡೆಯ ಊರಿಗೆ 1822ರ ಮೊದಲಲ್ಲಿ ಜಾನ್ ರಾಂಕಿನ್ ಎಂಬ ಅಯ್ಯನವರು ಸಭಾಪಾಲಕರಾಗಿ ಬಂದರು. ಇವರು 1793ರಲ್ಲಿ ಟೆನೆಸ್ಸಿ ಎಂಬ ದಾಸ್ಯದ ಸಂಸ್ಥಾನದಲ್ಲಿ ಹುಟ್ಟಿದವರು. ಪ್ರೆಸ್ಬಿಟೇರಿಯನ್ ಸಭೆಯ ಬೋಧಕರಾದ ಹೊಸದರಲ್ಲಿ ದಬ್ಬಾಳಿಕೆಯ ವಿರೋಧವಾಗಿ ಪ್ರಸಂಗ ಮಾಡಿದಾಗ, ಇಂಥ ಪ್ರಸಂಗವನ್ನು ಮುಂದುವರಿಸುವದಾದರೆ ಈ ಸಂಸ್ಥಾನವನ್ನು ಬಿಟ್ಟುಹೋಗುವದು ಒಳ್ಳೇದೆಂದು ಸಭೆಯ ಹಿರಿಯರೇ ತಿಳಿಸಿದರು. ಕೆಂಟಕಿಗೆ ಬಂದು ಅಲ್ಲಿ ಗುಲಾಮರಿಗೋಸ್ಕರ ಒಂದು ಪಾಠಶಾಲೆ ಇಟ್ಟರು. ದೊಣ್ಣೆ ಹಿಡಿದ ಗುಂಪು ಬಂದು ಓದುವವರನ್ನು ಶಾಲೆಯ ಕಟ್ಟಡದಿಂದ ಓಡಿಸಿತು. ಪಾಳುಬಿದ್ದ ಮನೆಗೆ ಹೋದರು, ಅಲ್ಲಿಂದಲೂ ಓಡಿಸಿತು. ಕಡೆಗೆ ಒಬ್ಬ ಸ್ನೇಹಿತರ ಅಡಿಗೆಮನೆಯಲ್ಲಿ ಪಾಠ ನಡೆಯಿತು. ನಮ್ಮ ಅಜ್ಜಂದಿರಲ್ಲಿ ಗುಡಿಸಲ ಜಗಲಿಯ ಮೇಲೆ, ಮರದ ನೆರಳಲ್ಲಿ, ಬೈಗಳನ್ನು ಕೇಳುತ್ತ ಅಕ್ಷರ ಕಲಿತವರಿದ್ದರಲ್ಲವೇ? ಅವರ ಮೊಮ್ಮಕ್ಕಳಾದ ನಮಗೆ ಆ ಅಡಿಗೆಮನೆಯ ಬೆಲೆ ತಿಳಿಯದೆ ಹೋಗದು.

ರಿಪ್ಲಿಗೆ ಬಂದ ಮೇಲೆ ಅಯ್ಯನವರಿಗೆ ಒಂದು ದುಃಖದ ಸುದ್ದಿ ಮುಟ್ಟಿತು. ವರ್ಜೀನಿಯದಲ್ಲಿ ವ್ಯಾಪಾರಿಯಾಗಿದ್ದ ಅವರ ಒಡಹುಟ್ಟಿದ ತಮ್ಮ ಥಾಮಸನು ಗುಲಾಮರನ್ನು ಕೊಂಡುಕೊಂಡಿದ್ದನು. ಇಲ್ಲಿ ಸ್ವಲ್ಪ ನಿಲ್ಲೋಣ. ಅನ್ಯರ ಪಾಪದ ಮೇಲೆ ಪ್ರಸಂಗ ಮಾಡುವದು ಸುಲಭ. ಪಕ್ಕದ ಕೇರಿಯವರ ಕುಡಿತ, ಪಕ್ಕದ ಸಭೆಯವರ ಜಗಳ, ಊರಗೌಡನ ಲೋಭ, ಇವುಗಳನ್ನು ಕುರಿತು ನಮ್ಮ ನಾಲಿಗೆ ತಡವರಿಸುವದಿಲ್ಲ. ತಮ್ಮನೇ ತಪ್ಪಿದಾಗ? ಮನೆಯ ಮಾತು ಮನೆಯಲ್ಲಿಯೇ ಇರಲಿ ಎಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಮುಂದಿನ ಮದುವೆಗೆ ಅವನನ್ನು ಕರೆಯಬೇಕಲ್ಲವೇ ಎಂದು ಆಲೋಚಿಸುತ್ತೇವೆ. ರಾಂಕಿನ್ ಅಯ್ಯನವರು ಬಾಯಿ ಮುಚ್ಚಲಿಲ್ಲ, ತಮ್ಮನನ್ನು ಕೈಬಿಡಲೂ ಇಲ್ಲ. ಕುಳಿತು ಅವನಿಗೆ ಕಾಗದ ಬರೆದರು. ಒಂದಲ್ಲ, ಒಂದರ ಮೇಲೊಂದು. ಆ ಕಾಗದಗಳು 1824ರಿಂದ ರಿಪ್ಲಿಯ ಒಂದು ಪತ್ರಿಕೆಯಲ್ಲಿ ಅಚ್ಚಾಗಿ, 1826ರಲ್ಲಿ ಪುಸ್ತಕವಾದವು. ಕೆಲವು ವರ್ಷಗಳಾದ ಮೇಲೆ ಬೋಸ್ಟನ್ ಪಟ್ಟಣದ ವಿಲಿಯಂ ಲಾಯ್ಡ್ ಗ್ಯಾರಿಸನ್ ಎಂಬವರು ತಮ್ಮ ಪತ್ರಿಕೆಯಲ್ಲಿ ಅವುಗಳನ್ನು ತಿರಿಗಿ ಅಚ್ಚುಹಾಕಿದ್ದರಿಂದ ದೇಶವೆಲ್ಲಾ ಅವುಗಳನ್ನು ಓದಿತು.

ಆ ಕಾಲದಲ್ಲಿ ದಾಸರನ್ನಿಟ್ಟುಕೊಂಡ ಕ್ರೈಸ್ತರ ಕೈಯಲ್ಲಿಯೂ ಸತ್ಯವೇದವೇ ಇತ್ತೆಂಬದನ್ನು ನಾವು ಮರೆಯಬಾರದು. ಪೌಲನು ಒನೇಸಿಮನನ್ನು ಯಜಮಾನನ ಬಳಿಗೆ ಹಿಂದಕ್ಕೆ ಕಳುಹಿಸಿದನಲ್ಲಾ ಎಂದು ಅವರು ಫಿಲೆಮೋನನ ಪತ್ರಿಕೆಯನ್ನು ತೆರೆದು ತೋರಿಸುತ್ತಿದ್ದರು. ಹೌದು, ಕಳುಹಿಸಿದನು. ಆದರೆ ಏನೆಂದು ಬರೆದು ಕಳುಹಿಸಿದನು? ದಾಸನೆಂದಲ್ಲ, ಪ್ರಿಯ ಸಹೋದರನೆಂದು ಸೇರಿಸಿಕೊಳ್ಳಬೇಕೆಂದೂ, ತನ್ನನ್ನೇ ಸೇರಿಸಿಕೊಂಡ ಹಾಗೆ ಸೇರಿಸಿಕೊಳ್ಳಬೇಕೆಂದೂ ಬೇಡಿಕೊಂಡನು. ಸಹೋದರನೆಂದು ಒಪ್ಪಿಕೊಂಡವನನ್ನು ಸಂತೆಯಲ್ಲಿ ಮಾರುವದು ಹೇಗೆ? ಮತ್ತು ಮೋಶೆಯ ಧರ್ಮಶಾಸ್ತ್ರದಲ್ಲಿ, ಯಜಮಾನನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಅವನ ಕೈಗೆ ಒಪ್ಪಿಸಬಾರದು, ಅವನು ಮೆಚ್ಚಿದ ಸ್ಥಳದಲ್ಲಿ ಇರಗೊಡಿಸಬೇಕು ಎಂಬ ವಿಧಿ ಉಂಟು. ಐಗುಪ್ತದ ಬಂಧನವನ್ನು ಕಂಡ ಜನರಿಗೆ ದೇವರು ಕೊಟ್ಟ ಈ ವಿಧಿಯನ್ನು ಅಮೇರಿಕದ ಕಾಯಿದೆಯು ತಲೆಕೆಳಗು ಮಾಡಿತ್ತು. ರಾಂಕಿನ್ ಅಯ್ಯನವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು; ಆರಿಸಿಕೊಂಡರು. ತಮ್ಮನಾದ ಥಾಮಸನೂ ಕಾಗದಗಳಿಗೆ ಕಿವಿಗೊಟ್ಟು, 1827ರಲ್ಲಿ ತನ್ನ ದಾಸರನ್ನು ಬಿಡುಗಡೆಮಾಡಿ ಓಹಾಯೊಗೆ ಬಂದನು.

ಮೊದಲು ಅಯ್ಯನವರ ಮನೆ ಹೊಳೆಯ ಮುಂದಣ ಬೀದಿಯಲ್ಲಿತ್ತು. ಅನಂತರ ಊರಿನ ಹಿಂದಿರುವ ಕಡಿದಾದ ಗುಡ್ಡದ ಮೇಲೆ ಇಟ್ಟಿಗೆಯ ಒಂದು ಚಿಕ್ಕ ಮನೆಯನ್ನು ಕಟ್ಟಿಸಿಕೊಂಡು ಅಲ್ಲಿಗೆ ಹೋದರು. ಅವರಿಗೂ ಅವರ ಪತ್ನಿಯಾದ ಜೀನ್ ಅಮ್ಮನವರಿಗೂ ಹದಿಮೂರು ಮಂದಿ ಮಕ್ಕಳು. ಗುಡ್ಡದ ಮೇಲಿನಿಂದ ಹೊಳೆಯೂ ಅದರಾಚೆಯ ಕೆಂಟಕಿಯ ಹೊಲಗಳೂ ಮೈಲುಗಟ್ಟಲೆ ಕಾಣುತ್ತವೆ. ಆಚೆಯಿಂದ ನೋಡಿದವರಿಗೆ ಗುಡ್ಡದ ಮೇಲಣ ಮನೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಆ ಮನೆಯಲ್ಲಿ ರಾತ್ರಿಯಲ್ಲಿ ಒಂದು ದೀಪವಿರುತ್ತಿತ್ತು. ಕಿಟಕಿಯಲ್ಲಿ ಇಡುತ್ತಿದ್ದರೆಂದು ಕೆಲವರು, ಎತ್ತರದ ಕಂಬಕ್ಕೆ ಕಂದೀಲು ಕಟ್ಟುತ್ತಿದ್ದರೆಂದು ಕೆಲವರು ಹೇಳುತ್ತಾರೆ. ಕೆಂಟಕಿಯ ಗುಲಾಮರ ಗುಡಿಸಲುಗಳಲ್ಲಿ ಆ ಬೆಳಕಿನ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹೊಳೆ ದಾಟಿ, ಈಗ ನೂರು ಮೆಟ್ಟಲೆಂದು ಹೆಸರಾದ ದಾರಿಯನ್ನು ಹತ್ತಿ ಬಂದವರಿಗೆ ಆ ಮನೆಯಲ್ಲಿ ಊಟ, ಒಣಬಟ್ಟೆ, ಒಲೆಯ ಬೆಂಕಿ ಸಿಕ್ಕುತ್ತಿದ್ದವು. ಬೆಳಗಾಗುವದಕ್ಕೆ ಮುಂಚೆ ಹುಡುಗರಲ್ಲಿ ಒಬ್ಬನು ಕುದುರೆಗೆ ಜೀನು ಹಾಕಿ ಅವರನ್ನು ಮುಂದಿನ ಸ್ನೇಹಿತರ ಮನೆಗೆ ಮುಟ್ಟಿಸುತ್ತಿದ್ದನು. ಅಂತರ್ಯುದ್ಧದ ತನಕ ಹೀಗೆ ದಾಟಿಹೋದವರು 2000 ಮಂದಿಗೆ ಕಡಿಮೆಯಿಲ್ಲವೆಂದು ಹೇಳಿಕೆ.

ಈ ಎಣಿಕೆಯನ್ನು ಓದಿ ನಾವು ಸಂತೋಷಪಡುವದು ಸುಲಭವೇ. ಆ ಮನೆಯ ತಾಯಿಯ ಕಡೆಯಿಂದ ಸ್ವಲ್ಪ ನೋಡಿರಿ. ಹದಿಮೂರು ಮಕ್ಕಳ ಮನೆಯಲ್ಲಿ ನಡುರಾತ್ರಿ ಬಾಗಿಲು ತಟ್ಟುವ ಶಬ್ದ. ಎದ್ದು ಒಲೆ ಊದಬೇಕು. ಇದ್ದ ರೊಟ್ಟಿಯನ್ನು ಹಂಚಬೇಕು. ಮಗನನ್ನು ಹಾಸಿಗೆಯಿಂದ ಎಬ್ಬಿಸಿ ಕತ್ತಲೆಗೆ ಕಳುಹಿಸಬೇಕು. ಅವನು ತಿರಿಗಿ ಬರುವನೋ ಸೆರೆಮನೆಗೆ ಹೋಗುವನೋ ಗೊತ್ತಿಲ್ಲ. ನಾಳೆ ರಾತ್ರಿ ಮತ್ತೆ ಅದೇ. ಪ್ರಸಂಗಪೀಠದ ಮೇಲೆ ಒಂದು ತಾಸು ಧೈರ್ಯದಿಂದ ಮಾತಾಡುವದಕ್ಕೂ ನಲವತ್ತು ವರ್ಷ ರಾತ್ರಿಯೆಲ್ಲಾ ಬಾಗಿಲು ತೆರೆಯುವದಕ್ಕೂ ಬಹಳ ವ್ಯತ್ಯಾಸವುಂಟು. ಕೆಂಟಕಿಯ ಯಜಮಾನರು ಅಯ್ಯನವರ ತಲೆಗೆ ಬೆಲೆ ಕಟ್ಟಿದರು. 1841ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಶತ್ರುಗಳು ಗುಡ್ಡ ಹತ್ತಿ ಬಂದು ಮನೆಯನ್ನು ಮುತ್ತಿದರು. ಮನೆಯ ಹುಡುಗರು ಕೋವಿ ಹಿಡಿದು ಅವರನ್ನು ಹಿಂದಟ್ಟಿದರು. ಕೋವಿ ಹಿಡಿದದ್ದು ಪರ್ವತಪ್ರಸಂಗಕ್ಕೆ ಒಪ್ಪುವದೋ ಎಂದು ನಮ್ಮಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆಯನ್ನು ನಾವು ಮರೆಮಾಡುವದಿಲ್ಲ, ಆ ರಾತ್ರಿ ಆ ಮನೆಯಲ್ಲಿ ಇಲ್ಲದಿದ್ದ ನಾವು ತೀರ್ಪನ್ನೂ ಹೇಳುವದಿಲ್ಲ.

ಈಗ 1838ರ ಫೆಬ್ರವರಿ ತಿಂಗಳಿಗೆ ಬರೋಣ. ಆ ದೇಶದ ಚಳಿಗಾಲದಲ್ಲಿ ಹೊಳೆಯು ಹೆಪ್ಪುಗಟ್ಟುವದುಂಟು. ಆಗ ಮಂಜುಗಡ್ಡೆ ಕರಗಲಾರಂಭಿಸಿ ಅಲ್ಲಲ್ಲಿ ಒಡೆದಿತ್ತು. ಕೂಸನ್ನು ಮಾರಿಬಿಡುವರೆಂಬ ಭಯದಿಂದ ಒಬ್ಬ ತಾಯಿ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಆ ಮಂಜುಗಡ್ಡೆಯ ಮೇಲೆ ಕಾಲಿಟ್ಟಳು. ಹಿಂದೆ ನಾಯಿಗಳ ಕೂಗು. ಗಡ್ಡೆ ಕಾಲ ಕೆಳಗೆ ಕುಸಿದಾಗ ಕೂಸನ್ನು ಮುಂದಕ್ಕೆ ಎಸೆದು, ತಾನು ನೀರಿನಿಂದ ಎದ್ದು ಮತ್ತೆ ಎತ್ತಿಕೊಂಡು ಹೀಗೆ ಈಚೇ ದಡವನ್ನು ಮುಟ್ಟಿದಳು. ದಡದಲ್ಲಿ ನಿಂತಿದ್ದವನು ಯಾರು? ಓಡಿಬಂದವರನ್ನು ಹಿಡಿದುಕೊಟ್ಟು ಬಹುಮಾನದ ಹಣದಿಂದ ಬದುಕುತ್ತಿದ್ದ ಮನುಷ್ಯನು. ಅವನು ಆಕೆಯನ್ನು ನೋಡಿದನು, ಕೂಸನ್ನು ನೋಡಿದನು. ಕೈ ಹಿಡಿದು ಮೇಲಕ್ಕೆ ಎಳೆದು, ಗುಡ್ಡದ ಮೇಲಣ ಬೆಳಕನ್ನು ತೋರಿಸಿ, ಅಲ್ಲಿಗೆ ಹೋಗೆಂದು ಹೇಳಿದನು. ದೇವರ ಕೃಪೆಯು ಸಭೆಯ ದಾಖಲೆಪುಸ್ತಕದಲ್ಲಿ ಹೆಸರಿದ್ದವರ ಮುಖಾಂತರ ಮಾತ್ರವೇ ಕೆಲಸ ಮಾಡುತ್ತದೆಂದು ಎಣಿಸುವವರು ಈ ಮನುಷ್ಯನ ವಿಷಯವಾಗಿ ಏನು ಹೇಳುವರೋ ತಿಳಿಯೆವು. ರಾಂಕಿನ್ ಅಯ್ಯನವರು ಈ ಸಂಗತಿಯನ್ನು ಸಿನ್ಸಿನಾಟಿ ಪಟ್ಟಣದ ಸ್ನೇಹಿತರಿಗೆ ಹೇಳಿದರು. ಅದು ಹ್ಯಾರಿಯಟ್ ಬೀಚರ್ ಸ್ಟೋ ಎಂಬ ಅಮ್ಮನವರ ಕಿವಿಗೆ ಬಿತ್ತು. 1852ರಲ್ಲಿ ಆಕೆ ಪ್ರಕಟಿಸಿದ ಟಾಮ್ ಮಾವನ ಕಥೆಯಲ್ಲಿ ಈ ತಾಯಿಯೇ ಎಲೈಜಳಾಗಿ ಲೋಕಪ್ರಸಿದ್ಧಳಾದಳು.

ಬಿಳಿಯರೇ ಕರಿಯರನ್ನು ಬಿಡಿಸಿದರೆಂಬ ಹಾಗೆ ಈ ಚರಿತ್ರೆಯನ್ನು ಹೇಳಿದರೆ ಸುಳ್ಳಾಗುತ್ತದೆ. ಗುಡ್ಡದ ಮನೆಯವರು ದೀಪ ಇಟ್ಟರು. ಆಚೇ ದಡಕ್ಕೆ ದೋಣಿ ನಡಿಸಿದವರಲ್ಲಿ ಮುಖ್ಯನು ಜಾನ್ ಪಾರ್ಕರ್ ಎಂಬ ಕರಿಯನು. ಅವನು 1827ರಲ್ಲಿ ಗುಲಾಮಳ ಮಗನಾಗಿ ಹುಟ್ಟಿ, ಎಂಟನೆಯ ವಯಸ್ಸಿನಲ್ಲಿ ತಾಯಿಯಿಂದ ಅಗಲಿಸಿ ಮಾರಲ್ಪಟ್ಟು, ಸಂಕೋಲೆಯ ಸಾಲಿನಲ್ಲಿ ನಡೆದು ಅಲಬಾಮ ಸೀಮೆಗೆ ಹೋದವನು. ಅಲ್ಲಿ ಕಬ್ಬಿಣದ ಎರಕದ ಕೆಲಸವನ್ನು ಕಲಿತು, 1845ರಲ್ಲಿ ತನ್ನ ದುಡಿಮೆಯಿಂದ 1800 ಡಾಲರು ತೆತ್ತು ತನ್ನನ್ನೇ ಬಿಡಿಸಿಕೊಂಡನು. ತರುವಾಯ ರಿಪ್ಲಿಗೆ ಬಂದು ಹೊಳೆಯ ದಂಡೆಯಲ್ಲಿಯೇ ಎರಕದ ಕಾರ್ಖಾನೆ ಇಟ್ಟನು. ಹಗಲು ಕಬ್ಬಿಣ, ರಾತ್ರಿ ಹುಟ್ಟು ಹಾಕುವದು. 1850ರ ಹೊಸ ಕಾಯಿದೆಯ ಪ್ರಕಾರ ಓಡಿಬಂದವರಿಗೆ ಸಹಾಯಮಾಡಿದವರಿಗೆ 1000 ಡಾಲರು ದಂಡವೂ ಆರು ತಿಂಗಳ ಸೆರೆಯೂ ಇತ್ತು. ಬಿಳಿಯನು ಸಿಕ್ಕಿಬಿದ್ದರೆ ಸೆರೆ; ಆಚೇ ದಡದಲ್ಲಿ ಪಾರ್ಕರನು ಸಿಕ್ಕಿಬಿದ್ದರೆ ಜೀವವೇ ಹೋಗುತ್ತಿತ್ತು.

ಅವನೇ ಹೇಳಿದ ಒಂದು ಸಂಗತಿ ಇದೆ. ಕೆಂಟಕಿಯ ಒಬ್ಬ ಯಜಮಾನನು ತನ್ನ ದಾಸ ದಂಪತಿಗಳು ಓಡಿಹೋಗುವರೆಂದು ಸಂಶಯಪಟ್ಟು, ಪ್ರತಿರಾತ್ರಿ ಅವರ ಎಳೆಗೂಸನ್ನು ತನ್ನ ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿಸಿಕೊಳ್ಳುತ್ತಿದ್ದನು. ಪಕ್ಕದ ಕುರ್ಚಿಯ ಮೇಲೆ ಉರಿಯುವ ಮೇಣದ ಬತ್ತಿ, ಮದ್ದು ತುಂಬಿದ ಪಿಸ್ತೂಲು. ಕೂಸನ್ನು ಬಿಟ್ಟು ತಾಯಿ ಹೆಜ್ಜೆಯಿಡಲೊಲ್ಲಳು. ಒಳಗೆ ಹೋಗುವದಕ್ಕೆ ತಂದೆಗೆ ಧೈರ್ಯ ಸಾಲದು. ಪಾರ್ಕರನು ಜೋಡುಗಳನ್ನು ಬಿಚ್ಚಿಟ್ಟು ತಾನೇ ಒಳಗೆ ಹೋದನು. ಉಸಿರು ಬಿಗಿಹಿಡಿದು ಕೂಸನ್ನು ಎತ್ತಿದನು. ಕುರ್ಚಿ ಉರುಳಿತು, ದೀಪ ನಂದಿತು, ಯಜಮಾನನು ಎದ್ದನು. ಕತ್ತಲೆಯಲ್ಲಿ ಓಡಿ, ದೋಣಿ ಹತ್ತಿ, ಆ ಮೂವರನ್ನೂ ಈಚೇ ದಡಕ್ಕೆ ತಂದನು. ಫರೋಹನು ಮೋಶೆಗೆ, ಗಂಡಸರು ಹೋಗಲಿ, ಮಕ್ಕಳು ಇಲ್ಲಿರಲಿ ಎಂದು ಹೇಳಿದ್ದು ಓದುಗರಿಗೆ ನೆನಪಿಗೆ ಬಂದೀತು. ಮಕ್ಕಳನ್ನು ಒತ್ತೆಯಿಟ್ಟುಕೊಂಡರೆ ತಾಯಿತಂದೆಗಳು ತಾವಾಗಿ ಕಟ್ಟುಬೀಳುವರೆಂಬದು ಹಳೇ ಉಪಾಯ. ಸಾಲಕ್ಕೆ ಮಗನನ್ನು ಜೀತವಿಡುವ ಪದ್ಧತಿಯನ್ನು ನಮ್ಮ ದೇಶದಲ್ಲಿ 1976ರಲ್ಲಿ ಕಾಯಿದೆಯು ತೆಗೆದುಹಾಕಿತು. ಅದರ ಅರ್ಥವನ್ನು ನಮ್ಮ ಮುದುಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಸೀಮೆಯ ಬೇರೆ ಕೆಲವರನ್ನೂ ಹೆಸರಿಸಿ ಮುಂದೆ ಹೋಗುತ್ತೇವೆ. ರಿಪ್ಲಿಯ ಬಡಗಲಿಗಿರುವ ರೆಡ್ ಓಕ್ ಎಂಬ ಹಳ್ಳಿಯ ಸಭಾಪಾಲಕರಾದ ಜೇಮ್ಸ್ ಗಿಲಿಲಂಡ್ ಅಯ್ಯನವರು ರಾಂಕಿನ್ ಅಯ್ಯನವರಿಗಿಂತ ಮುಂಚೆಯೇ ದಾಸ್ಯದ ಸೀಮೆಯನ್ನು ಬಿಟ್ಟು ಬಂದವರು. ಗುಡ್ಡದ ಮನೆಯಿಂದ ಹೊರಟವರು ಅನೇಕ ವೇಳೆ ಮೊದಲು ಮುಟ್ಟುತ್ತಿದ್ದದ್ದು ಅವರ ಬಾಗಿಲಿಗೆ. ಸಾರ್ಡೀನಿಯ ಎಂಬ ಹಳ್ಳಿಯ ಜಾನ್ ಮಹನ್ ಎಂಬ ಬೋಧಕರನ್ನು 1838ರಲ್ಲಿ ಹಿಡಿದು ಕೆಂಟಕಿಯ ಸೆರೆಮನೆಗೆ ಹಾಕಿದರು. ಅವರು ತಪ್ಪು ಮಾಡಿದರೆಂಬ ಕಾಲದಲ್ಲಿ ಕೆಂಟಕಿಯ ನೆಲದ ಮೇಲೆಯೇ ಇರಲಿಲ್ಲವಾದದರಿಂದ ನ್ಯಾಯಸ್ಥಾನವು ಬಿಟ್ಟುಬಿಟ್ಟಿತು. ಆದರೆ ಆರೋಗ್ಯ ಕೆಟ್ಟು 1844ರಲ್ಲಿ ತೀರಿಕೊಂಡರು. ಜಾರ್ಜ್‌ಟೌನ್ ಊರಲ್ಲಿ ತೊಗಲು ಹದಮಾಡುವ ಜೆಸ್ಸಿ ಗ್ರಾಂಟ್ ಎಂಬವನಿದ್ದನು. ಅವನ ಮಗನಿಗೆ ಆ ತೊಗಲಿನ ವಾಸನೆಯೇ ಆಗುತ್ತಿರಲಿಲ್ಲ. ತಂದೆಯು ಅವನನ್ನು 1838ರ ಚಳಿಗಾಲದಲ್ಲಿ ರಿಪ್ಲಿಯ ಶಾಲೆಗೆ ಓದಲಿಕ್ಕೆ ಕಳುಹಿಸಿದನು. ಆ ಹುಡುಗನೇ ಯುಲಿಸಿಸ್ ಗ್ರಾಂಟ್. 1865ರಲ್ಲಿ ದಾಸ್ಯದ ಪಕ್ಷದ ಮುಖ್ಯ ಸೇನಾಪತಿಯು ಶರಣಾದದ್ದು ಇವನಿಗೇ. 1869ರಿಂದ 1877ರ ವರೆಗೆ ದೇಶದ ಅಧ್ಯಕ್ಷನಾಗಿಯೂ ಇದ್ದನು. ತೊಗಲಿನ ಕೆಲಸದವರ ಮಕ್ಕಳಿಗೆ ಶಾಲೆಯೇತಕ್ಕೆ ಎಂದು ಕೇಳುವವರಿಗೆ ನಮ್ಮ ಉಪಾಧ್ಯಾಯರು ಇದನ್ನು ಹೇಳಬಹುದು.

ರಾಂಕಿನ್ ಅಯ್ಯನವರ ಕೆಲಸದಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹೊಳೆಯ ಸಂಗತಿಯಲ್ಲ, ಕರ್ತನ ಮೇಜಿನ ಸಂಗತಿ. ಅವರ ಪ್ರೆಸ್ಬಿಟೇರಿಯನ್ ಸಭೆಯು ಗುಲಾಮರನ್ನು ಇಟ್ಟುಕೊಂಡವರಿಗೂ ರೊಟ್ಟಿ ದ್ರಾಕ್ಷಾರಸಗಳನ್ನು ಕೊಡುತ್ತಿತ್ತು. ಸಭೆಯಲ್ಲಿ ಒಡಕು ಬಾರದಿರಲಿ, ಕಾಲಕ್ರಮದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ಅಯ್ಯನವರು ಬಹುಕಾಲ ತಾಳಿಕೊಂಡರು. ಕಡೆಗೆ 1847ರಲ್ಲಿ ಕೆಲವರೊಂದಿಗೆ ಹೊರಟು, ಫ್ರೀ ಪ್ರೆಸ್ಬಿಟೇರಿಯನ್ ಸಭೆ ಎಂಬದನ್ನು ಏರ್ಪಡಿಸಿದರು. ಮನುಷ್ಯರ ಒಡೆಯನೆನ್ನಿಸಿಕೊಳ್ಳುವವನಿಗೆ ಅಲ್ಲಿ ಕರ್ತನ ಭೋಜನದಲ್ಲಿ ಪಾಲಿರಲಿಲ್ಲ. ಸಭೆಯನ್ನು ಒಡೆಯುವದು ಒಳ್ಳೇದೆಂದು ನಾವು ಹೇಳುವದಿಲ್ಲ. ನಮ್ಮ ನಾಡಿನಲ್ಲಿ ಕುರ್ಚಿಗೋಸ್ಕರ, ಲೆಕ್ಕಪುಸ್ತಕಕ್ಕೋಸ್ಕರ ಒಡೆದ ಸಭೆಗಳು ಬೇಕಾದಷ್ಟಿವೆ. ಆದರೆ ಒಂದೇ ರೊಟ್ಟಿಯಲ್ಲಿ ಪಾಲುಗಾರರಾದವರು ಗುಡಿಯ ಹೊರಗೆ ಒಬ್ಬರ ಮನೆಯ ಲೋಟವನ್ನು ಒಬ್ಬರು ಮುಟ್ಟದೆ ಹೋದರೆ ಅದನ್ನು ಐಕ್ಯವೆಂದು ಕರೆಯಬಹುದೇ? ಯಾವ ಕೇರಿಯಿಂದ ಬಂದವರೆಂದು ಕೇಳಿ ಹೆಣ್ಣು ಕೊಡುವ ಕ್ರೈಸ್ತರು, ಹೊಸದಾಗಿ ದೀಕ್ಷಾಸ್ನಾನ ಹೊಂದಿದವರನ್ನು ಚಾಪೆಯ ಅಂಚಿನಲ್ಲಿ ಕೂರಿಸುವ ಕ್ರೈಸ್ತರು ನಮ್ಮಲ್ಲಿ ಇಲ್ಲವೇ? ನಾವು ಆಚೇ ದಡದಿಂದ ಬಂದವರು. ನಮ್ಮ ಹಿಂದೆ ಇನ್ನೂ ದಾಟದವರು ನಿಂತಿದ್ದಾರೆ. ಗುಡ್ಡ ಹತ್ತಿ ಬೆಂಕಿಯ ಬಳಿ ಕೂತವನು ಬಾಗಿಲಿಗೆ ಅಗುಳಿ ಹಾಕಿಕೊಂಡರೆ, ಹಾಕಿಕೊಂಡವನಿಗೆ ತಾನು ಆ ರಾತ್ರಿ ತಟ್ಟಿದ ಬಾಗಿಲು ಯಾವದೆಂದು ಯಾರು ನೆನಪು ಮಾಡಬೇಕು?

1865ರಲ್ಲಿ ದೇಶದ ರಾಜ್ಯಶಾಸನಕ್ಕೆ ತಿದ್ದುಪಡಿಯಾಗಿ ಗುಲಾಮತನವು ರದ್ದಾಯಿತು. ರಾಂಕಿನ್ ಅಯ್ಯನವರು ರಿಪ್ಲಿಯಲ್ಲಿ ನಲವತ್ತನಾಲ್ಕು ವರ್ಷ ಸಭಾಪಾಲನೆ ಮಾಡಿ, 1886ರಲ್ಲಿ ತೊಂಬತ್ತಮೂರು ವರ್ಷದವರಾಗಿ ನಿದ್ರೆಹೋದರು. ಆ ಊರಿನ ಸ್ಮಶಾನದಲ್ಲಿಯೇ ಅವರ ಸಮಾಧಿಯಿದೆ. ಪಾರ್ಕರನು ಯಂತ್ರಗಳನ್ನು ಕಲ್ಪಿಸಿ ಸರಕಾರದಿಂದ ಹಕ್ಕುಪತ್ರಗಳನ್ನು ಪಡೆದು, 1900ರಲ್ಲಿ ತೀರಿಕೊಂಡನು. ಅವನು ಹೇಳಿದ ಆತ್ಮಕಥೆಯು ಹಸ್ತಪ್ರತಿಯಾಗಿಯೇ ಇದ್ದು 1996ರಲ್ಲಿ ಪುಸ್ತಕವಾಯಿತು. 1997ರಲ್ಲಿ ಆ ಇಬ್ಬರ ಮನೆಗಳನ್ನೂ ಸರಕಾರವು ರಾಷ್ಟ್ರದ ಚಾರಿತ್ರಿಕ ಸ್ಥಳಗಳೆಂದು ಗುರುತಿಸಿತು.

ಮಂಜುಗಡ್ಡೆಯ ಮೇಲೆ ಬಂದ ಆ ತಾಯಿಯ ವಿಷಯವಾಗಿ ಒಂದು ಮಾತು ಉಳಿದಿದೆ. ಆಕೆಗೆ ಒಣಬಟ್ಟೆ ಕೊಟ್ಟು ಅದೇ ರಾತ್ರಿ ಮುಂದಕ್ಕೆ ಕಳುಹಿಸಿದರು. ಕೂಸಿನೊಂದಿಗೆ ಸುರಕ್ಷಿತವಾಗಿ ಕೆನಡವನ್ನು ಮುಟ್ಟಿದಳು. ಅಲ್ಲಿ ಯಾರೂ ಆಕೆಯನ್ನು ಹಿಡಿಯುವ ಹಾಗಿರಲಿಲ್ಲ. ಆದರೆ ಕೆಲವು ವರ್ಷಗಳಾದ ಮೇಲೆ ಆಕೆ ಪುನಃ ರಿಪ್ಲಿಗೆ ಬಂದು ಗುಡ್ಡ ಹತ್ತಿದಳೆಂದು ರಾಂಕಿನ್ ಮನೆಯವರ ಹೇಳಿಕೆ. ಆಚೇ ದಡದಲ್ಲಿ ಆಕೆ ಬಿಟ್ಟುಬಂದಿದ್ದ ಸಂತಾನವಿತ್ತು. ಅವರನ್ನು ಕರೆತರುವದಕ್ಕೆ ಆಕೆ ಮತ್ತೆ ಹೊಳೆಯನ್ನು ದಾಟಿದಳು. ಅವರೊಂದಿಗೆ ತಿರಿಗಿ ಬಂದಳು.